ಕೆಂಪಾಗದ ಕೊಳವೆ

ಪ್ರಯೋಗಾಲಯ, ಮೂರನೇ ಮಹಡಿ,
ತಕ್ಕಡಿ ಕೋಣೆ.
ಗುರುವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ.

ಪ್ರೀತಿಯ ಬಾಲಂಗೋಚಿ,

ಹೇಗಿದ್ದೀಯೇ? ಬೆಳಗಿನ ವಾಂತಿ ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ, ಇಲ್ಲಾ ಇನ್ನೂ ನಿಂಬೆಹಣ್ಣು ಮೂಸಿಕೊಂಡೇ ದಿನ ದೂಡುತ್ತಿದ್ದೀಯೋ? ಕನ್ನಡಕದ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು ಗಾಜು ಉಜ್ಜುವುದನ್ನು ಇನ್ನಾದರೂ ನಿಲ್ಲಿಸು. ಕೂರಲು ಒಂದು ಸ್ಟೂಲು ಕೊಡಿ ಎಂದು ನಿಮ್ಮ ಮಾಲೀಕರನ್ನು ಕೇಳಲು ನಿನಗೆ ಬಾಯಿ ಬಾರದಿದ್ದರೆ ನಾನೇ ಬಂದು ಕೇಳುತ್ತೇನೆ, ನನ್ನ ಬಾಯಿಯ ವಿಷಯ ನಿನಗೆ ಗೊತ್ತಲ್ಲ. ಮೂರು ಸಲ ಫೋನ್ ಮಾಡಿದ್ದೀಯ, ಮೂರು ಸಲವೂ ನಾನು ಎತ್ತಲಿಲ್ಲ. ಚೆನ್ನಾಗಿ ಬೈದುಕೊಂಡಿರುತ್ತೀಯ, ಬೈದುಕೋ. ನಾನು ‘ಹಲೋ’ ಅಂದ ಕೂಡಲೇ ‘ಏನಾಯ್ತೇ ನಿಂಗೆ?’ ಎಂದು ಕೇಳುವವಳು ನೀನು. ಕಾಗದಕ್ಕಾದರೆ ದನಿಯಿಲ್ಲ. ನನ್ನ ಬರಹವಂತೂ ಮೊದಲಿನಿಂದಲೂ ಕಾಗೆ ಕಾಲು ಗುಬ್ಬಿ ಕಾಲು, ಅದರಿಂದ ನಿನಗೆ ಏನೂ ಗೊತ್ತಾಗುವುದಿಲ್ಲ. ನನ್ನ ಆರೋಗ್ಯವನ್ನೂ ಕೇಳಿದ್ದೀಯ. ಅದನ್ನು ಕೊನೆಗೆ ಬರೆಯುತ್ತೇನೆ.

ನಿನ್ನ ಕಾಗದ ಸೋಮವಾರ ಬಂತು. ಅಮ್ಮ ಬಾಗಿಲಲ್ಲೇ ಇಸಿದುಕೊಂಡು, ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಗಂಡೋ ಹೆಣ್ಣೋ ಬರೆದಿದಾಳಾ?’ ಎಂದು ಕೇಳಿದಳು. ಮೂರು ತಿಂಗಳಿಗೇ ಅದೆಲ್ಲಿ ಗೊತ್ತಾಗುತ್ತೆ ಎಂದು ರೇಗಿಸಿ, ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಬಂದು ಇಲ್ಲಿ ಓದಿದೆ. ಅಮ್ಮನ ಕೈಗೆ ಕೊಡದೆ ಇದ್ದದ್ದೇ ಒಳ್ಳೆಯದಾಯಿತು. ಆ ಸಾಲುಗಳನ್ನು ಎಷ್ಟು ಸಲ ಓದಿದ್ದೇನೆಂದರೆ ಈಗ ನೋಡದೆಯೇ ಬರೆಯಬಲ್ಲೆ. ‘ಇಷ್ಟು ವರ್ಷ ಬೇಡ ಬೇಡ ಅಂದೆ. ಈಗ ಬೇಕು ಕಣೇ. ಅಪ್ಪನ ಕಾಯಿಲೆ ನನ್ನೊಳಗೂ ಇದೆಯೋ ಇಲ್ವೋ ನೋಡಿ ಹೇಳು. ನನಗೋಸ್ಕರ ಅಲ್ಲ, ಒಳಗಿರೋದಕ್ಕೋಸ್ಕರ. ಬರೋ ಸೋಮವಾರ ಇಲ್ಲಿ ಡಾಕ್ಟರ ಹತ್ರ ರಕ್ತ ತೆಗೆಸಿ ಐಸ್ ಡಬ್ಬಿಯಲ್ಲಿ ಕಳಿಸ್ತೀನಿ. ನೀನೇ ನೋಡು. ಬೇರೆ ಯಾರ ಕೈಗೂ ಕೊಡಬೇಡ.’ ನಿನ್ನ ಗಂಡನಿಗೆ ಇನ್ನೂ ಹೇಳಿಲ್ಲವೆಂದೂ ಬರೆದಿದ್ದೀಯ. ಆ ಮನುಷ್ಯ ಒಳ್ಳೆಯವನು, ಹೇಳಿದರೆ ಓಡಿಹೋಗುವವನಲ್ಲ. ಆದರೂ ನಿನ್ನ ಮಾತು ನಿನ್ನದು, ನಾನು ಬಾಯಿ ಹಾಕುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂದರೆ ಏನು ಹೇಳಲಿ, ಅಪ್ಪ ಹೋದ ಮೇಲೆ ಒಂಬತ್ತು ವರ್ಷ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದ್ದ ಹೊಲಿಗೆ ಯಂತ್ರವನ್ನು ಎಳೆದು ಹಾಕಿ, ಎಣ್ಣೆ ಬಿಟ್ಟು, ಅಂಗೈಯಷ್ಟು ಅಂಗಿಗಳನ್ನು ಹೊಲಿಯುತ್ತಾ ಕೂತಿದ್ದಾಳೆ. ಈಗಾಗಲೇ ಹನ್ನೆರಡು ಆಗಿವೆ. ನಿನ್ನ ಮಗು ಒಂದೇ ಇರಬಹುದು, ನಮ್ಮ ಹಾಗೆ ಜೋಡಿ ಇರಲಿಕ್ಕಿಲ್ಲ ಎಂದರೆ, ‘ಇರಲಿ ಬಿಡು, ಒಂದು ಒದ್ದೆ ಆದ್ರೆ ಇನ್ನೊಂದು’ ಅನ್ನುತ್ತಾಳೆ. ಅಪ್ಪನ ಕಾಯಿಲೆಯ ಏಳು ವರ್ಷದಲ್ಲಿ ಅವಳು ನಗುವುದನ್ನೇ ಮರೆತಿದ್ದಳಲ್ಲ, ಈಗ ಯಂತ್ರದ ಸದ್ದಿನ ನಡುವೆ ಒಬ್ಬಳೇ ಏನೋ ಗುನುಗಿಕೊಳ್ಳುತ್ತಾಳೆ. ನಾನು ಆ ಕೋಣೆಯನ್ನು ಬೇಗ ಬೇಗ ದಾಟಿಹೋಗುತ್ತೇನೆ. ಮನೆಯಲ್ಲಿ ಕೂತು ಈ ಕಾಗದ ಬರೆಯಲು ಆಗಲಿಲ್ಲ, ಅದಕ್ಕೇ ಊಟದ ಹೊತ್ತಿನಲ್ಲಿ ತಕ್ಕಡಿ ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಇಲ್ಲಿ ಫ್ಯಾನು ಹಾಕುವಂತಿಲ್ಲ, ಗಾಳಿಗೆ ತಕ್ಕಡಿಯ ಮುಳ್ಳು ಅಲ್ಲಾಡುತ್ತದೆ. ಬೆವರು ಕಾಗದದ ಮೇಲೆ ಬಿದ್ದು ಶಾಯಿ ಹರಡಿದ್ದರೆ ಅದು ಬೆವರೇ, ಬೇರೇನೂ ಅಂದುಕೊಳ್ಳಬೇಡ.

ಅಪ್ಪನ ಕೋಟಿನ ಕಥೆ ನಿನಗೆ ನೆನಪಿದ್ದೇ ಇರುತ್ತದೆ. ನಲವತ್ತನಾಲ್ಕನೇ ವಯಸ್ಸಿಗೆ, ಅಷ್ಟು ಕೈಪಳಗಿದ ದರ್ಜಿ, ಒಂದೇ ಕೋಟಿಗೆ ಎರಡೂ ಎಡದ ತೋಳನ್ನೇ ಹೊಲಿದಿಟ್ಟ. ಗಿರಾಕಿಯೂ ನಕ್ಕ, ಅಪ್ಪನೂ ನಕ್ಕ, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಗುವಂಥದ್ದೇನೂ ಉಳಿಯಲಿಲ್ಲ. ಸೂಜಿಗೆ ದಾರ ಪೋಣಿಸುವುದು ಮರೆಯಿತು, ಅಂಗಡಿಯಿಂದ ಮನೆಗೆ ಬರುವ ದಾರಿ ಮರೆಯಿತು. ಕೊನೆಯ ವರ್ಷ ನಾವು ತಟ್ಟೆ ಹಿಡಿದು ಮುಂದೆ ಕೂತರೆ, ‘ತಾವು ಯಾರಮ್ಮ? ತಮ್ಮದು ಊಟ ಆಯ್ತಾ?’ ಎಂದು ಬಹುವಚನದಲ್ಲಿ ಕೇಳುತ್ತಿದ್ದ. ನನ್ನನ್ನು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ ಎಂದು ನೀನು ಹಿತ್ತಲಲ್ಲಿ ನಿಂತು ಅತ್ತೆ. ಅವನು ಹೋದ ವಾರ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಇದು ರಕ್ತದಲ್ಲಿ ಇಳಿದು ಬರುವ ಕಾಯಿಲೆ, ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಬೇಕಿದ್ದರೆ ನೋಡಿ ಹೇಳುತ್ತೇವೆ, ಔಷಧಿ ಮಾತ್ರ ಇಲ್ಲ ಎಂದರು. ನಾವಿಬ್ಬರು ಒಂದೇ ಮೊಟ್ಟೆ ಒಡೆದು ಎರಡಾದ ಅವಳಿಗಳು ಎಂಬುದು ಅವರಿಗೂ ಗೊತ್ತಿತ್ತು. (ನಾವು ಹುಟ್ಟಿದಾಗ ಹೆರಿಗೆ ಡಾಕ್ಟರು ಹಾಗಂದದ್ದಕ್ಕೆ, ‘ಮೊಟ್ಟೆ ಇಡೋಕೆ ನಾನೇನು ಕೋಳಿನಾ?’ ಎಂದು ಅಮ್ಮ ಅವರ ಮೇಲೆ ಮುನಿಸಿಕೊಂಡಿದ್ದಳಂತೆ.) ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಕೈ ಹಿಡಿದು ನಿಲ್ಲಿಸಿದೆ. ‘ನನಗೆ ಗೊತ್ತಾಗೋದು ಬೇಡ. ನೀನೂ ನೋಡಿಸ್ಕೋಬೇಡ. ನೀನು ನೋಡಿಸ್ಕೊಂಡ್ರೆ ನಾನು ನೋಡಿಸ್ಕೊಂಡ ಹಾಗೇನೇ.’ ನಾನು ಹೂಂ ಅಂದೆ. ಹನ್ನೊಂದು ನಿಮಿಷ ದೊಡ್ಡವಳಾದ ತಪ್ಪಿಗೆ ಜೀವನವಿಡೀ ನಿನಗೆ ಹೂಂ ಅನ್ನುತ್ತಲೇ ಬಂದಿದ್ದೇನೆ. ಆದರೆ ಅಂದಿನ ಹೂಂ ಮನಸ್ಸಿನಿಂದ ಬಂದದ್ದು, ನನಗೂ ಗೊತ್ತಾಗುವುದು ಬೇಡವಾಗಿತ್ತು.

ಈಗ ನನ್ನ ಕೆಲಸದ ವಿಷಯ ಸ್ವಲ್ಪ ಸಹನೆಯಿಂದ ಓದು, ಪುಟ ಹಾರಿಸಬೇಡ. ನೀನು ಕೇಳಿದಾಗಲೆಲ್ಲ ‘ಚಿನ್ನಕ್ಕೆ ದಾರ ಕಟ್ಟೋದು’ ಎಂದು ಹೇಳಿ ಮುಗಿಸುತ್ತಿದ್ದೆ, ‘ಅಕ್ಕಸಾಲಿಗರ ಹೊಟ್ಟೆ ಮೇಲೆ ಹೊಡೀತಿದ್ದೀಯಾ’ ಎಂದು ನೀನು ನನ್ನ ಕಾಲೆಳೆಯುತ್ತಿದ್ದೆ. ನಾನು ಹೇಳಿದ್ದು ಸುಳ್ಳೇನಲ್ಲ. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ಬೆಳೆಸಿದರೆ ಆ ನೀರು ಹಳದಿಯಾಗುವುದಿಲ್ಲ, ದಾಳಿಂಬೆ ರಸದಂತೆ ಕೆಂಪಾಗುತ್ತದೆ. ಕಣಗಳು ಬಿಡಿಬಿಡಿಯಾಗಿ ಇರುವವರೆಗೂ ಕೆಂಪು. ಅವೇ ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತರೆ ನೀಲಿ. ಯಾವುದು ಯಾವುದರ ಪಕ್ಕ ನಿಲ್ಲಬೇಕೆಂದು ಚಿನ್ನಕ್ಕೆ ಗೊತ್ತಿಲ್ಲ. ಅದನ್ನು ಹೇಳಿಕೊಡುವುದು ಡಿಎನ್‌ಎ. ಪ್ರತಿ ಕಣದ ಮೈಗೂ ಡಿಎನ್‌ಎಯ ತುಂಡು ಎಳೆಗಳನ್ನು ಗಂಧಕದ ಕೊಂಡಿಯಿಂದ ಕಟ್ಟುತ್ತೇವೆ. ಅಪ್ಪನ ಅಂಗಡಿಯ ಜಿಪ್ಪನ್ನು ನೆನಪಿಸಿಕೋ. ಅರ್ಧ ಕಣಗಳ ಮೇಲೆ ಜಿಪ್ಪಿನ ಒಂದು ತುಂಡು, ಉಳಿದರ್ಧದ ಮೇಲೆ ಇನ್ನೊಂದು ತುಂಡು. ಎರಡಕ್ಕೂ ಹಲ್ಲಿಗೆ ಹಲ್ಲು ಕೂಡಿಸಿ ಹತ್ತಿರ ಎಳೆಯುವ ಉದ್ದನೆಯ ಎಳೆ ಮಾತ್ರ ಪರೀಕ್ಷೆಗೆ ಬಂದ ಮನುಷ್ಯನ ರಕ್ತದಿಂದ ಬರಬೇಕು.

ಅಪ್ಪನ ಕಾಯಿಲೆ ಬಂದದ್ದು ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿ. ಕೋಟ್ಯಂತರ ಅಕ್ಷರಗಳಲ್ಲಿ ಒಂದು. ನಮ್ಮ ಎಳೆಗಳನ್ನು ಆ ಬದಲಾದ ಅಕ್ಷರದ ಅಳತೆಗೆ ಸರಿಯಾಗಿ ಮಾಡಿದ್ದೇವೆ. ಕಾಯಿಲೆಯಿರುವವರ ಎಳೆ ಸಿಕ್ಕರೆ ಎಲ್ಲ ಹಲ್ಲುಗಳೂ ಕೂಡಿ, ಕಣಗಳು ಒಟ್ಟಾಗಿ, ನೀರು ನೀಲಿಯಾಗುತ್ತದೆ. ಕಾಯಿಲೆಯಿಲ್ಲದವರ ಎಳೆಯಲ್ಲಿ ಒಂದು ಹಲ್ಲು ಕೂಡುವುದಿಲ್ಲ. ತಣ್ಣಗಿರುವಾಗ ಅದೂ ಹೇಗೋ ಕಚ್ಚಿಕೊಂಡಿರುತ್ತದೆ, ಐವತ್ತೆಂಟು ಡಿಗ್ರಿಗೆ ಬಿಸಿ ಮಾಡಿದರೆ ಜಿಪ್ಪು ಬಿಚ್ಚಿಕೊಂಡು, ಕಣಗಳು ಚೆದುರಿ, ನೀರು ಮತ್ತೆ ಕೆಂಪಾಗುತ್ತದೆ. ಅಷ್ಟೇ ಕಣೇ ವಿಷಯ. ಬಿಸಿ ಮಾಡಿದ ಮೇಲೂ ನೀಲಿಯಾಗಿಯೇ ಉಳಿದರೆ ಕಾಯಿಲೆ ಇದೆ, ಕೆಂಪಾದರೆ ಇಲ್ಲ. ದೊಡ್ಡ ಯಂತ್ರ ಬೇಡ, ತಿಂಗಳುಗಟ್ಟಲೆ ಕಾಯುವುದು ಬೇಡ, ಕಣ್ಣಿದ್ದರೆ ಸಾಕು. ಈ ಕೆಲಸಕ್ಕೆ ನಾನೇ ಹಟ ಹಿಡಿದು ಸೇರಿದ್ದು ಯಾಕೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿ ಪರೀಕ್ಷೆಗೂ ಪಕ್ಕದಲ್ಲಿ ಎರಡು ಸಾಕ್ಷಿ ಇರಬೇಕು. ಒಂದು, ಕಾಯಿಲೆ ಖಂಡಿತ ಇತ್ತೆಂದು ಗೊತ್ತಿರುವ ರಕ್ತ. ಇನ್ನೊಂದು, ಇಲ್ಲವೆಂದು ಗೊತ್ತಿರುವ ರಕ್ತ. ಮೊದಲನೆಯದು ಆಸ್ಪತ್ರೆಯಿಂದ ಬಂತು. ಬರೀ ಒಂದು ಸಂಖ್ಯೆ ಬರೆದಿದ್ದ ಪುಟ್ಟ ಕೊಳವೆ. ಅಪ್ಪನ ಕಡತದ ಮೇಲಿದ್ದ ಸಂಖ್ಯೆ ಅದು, ಏಳು ವರ್ಷ ಆ ಕಡತವನ್ನು ಹೊತ್ತು ತಿರುಗಿದವಳಿಗೆ ಮರೆಯುತ್ತದೆಯೇ? ಸಂಶೋಧನೆಗೆ ಇಟ್ಟುಕೊಳ್ಳಿ ಎಂದು ನಾವೇ ಸಹಿ ಹಾಕಿದ್ದೆವಲ್ಲ, ಅದೇ. ಇದು ನನ್ನ ಅಪ್ಪನದು ಎಂದು ಇಲ್ಲಿ ಯಾರಿಗೂ ಹೇಳಲಿಲ್ಲ. ಎರಡನೆಯದಕ್ಕೆ ನಮ್ಮಲ್ಲೊಂದು ಕೆಟ್ಟ ರೂಢಿ. ಆರೋಗ್ಯವಂತರ ರಕ್ತ ಬೇಕೆಂದರೆ ಯಾರು ಹತ್ತಿರ ನಿಂತಿದ್ದಾರೋ ಅವರು ತೋಳು ಚಾಚುತ್ತಾರೆ. ಕಾಗದ ಪತ್ರ ಯಾವುದೂ ಇಲ್ಲ. ಕೊಳವೆಯ ಮೇಲೆ ‘ನಿರೋಗಿ’ ಎಂದು ಬರೆದು ಮುಗಿಸುತ್ತೇವೆ. ಆ ನಿರೋಗಿ ಯಾರು ಎಂಬುದನ್ನು ಸ್ವಲ್ಪ ತಡೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಆ ಕೊಳವೆ ಕೆಂಪಾಗಲಿಲ್ಲ. ಅಪ್ಪನದು ಹೇಗೆ ನೀಲಿಯಾಗಿ ಉಳಿಯಿತೋ ನಿರೋಗಿಯದೂ ಹಾಗೇ ಉಳಿಯಿತು. ಮೊದಲ ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ವಾರ ನೀರು ಬದಲಾಯಿಸಿದೆವು. ಆಮೇಲೆ ಗಾಜಿನ ಸಾಮಾನನ್ನೆಲ್ಲ ಆಮ್ಲದಲ್ಲಿ ಅದ್ದಿ ತೊಳೆದೆವು. ಚಿನ್ನದ ಕಣಗಳನ್ನು ಹೊಸದಾಗಿ ಬೆಳೆಸಿದೆವು, ಬಿಸಿ ಅಳೆಯುವ ಮಾಪಕವನ್ನು ಬಿಚ್ಚಿ ಬೇರೆ ಹಾಕಿದೆವು. ಉಹುಂ. ನಾಲ್ಕು ತಿಂಗಳು, ಮೂವತ್ತೆಂಟು ಸಲ. ಪ್ರತಿ ಸಲವೂ ಆ ಎರಡು ಕೊಳವೆಗಳು ಅಕ್ಕಪಕ್ಕ ನೀಲಿಯಾಗಿ ನಿಂತಿರುತ್ತಿದ್ದವು. ಕೊನೆಗೆ ನಮ್ಮ ಹೆಡ್ ಮೇಡಂ, ‘ಉಪ್ಪು ಜಾಸ್ತಿಯಾಗಿದೆ’ ಅಂದರು. ಅದೂ ನ್ಯಾಯವೇ. ಉಪ್ಪು ಹೆಚ್ಚಾದರೆ ಹಲ್ಲು ಮುರಿದ ಜಿಪ್ಪೂ ಗಟ್ಟಿಯಾಗಿ ಕಚ್ಚಿಕೊಂಡು ಬಿಚ್ಚುವುದೇ ಇಲ್ಲ.

ಉಪ್ಪಿನ ಕೆಲಸ ಉಪ್ಪಣ್ಣನವರದು. ಅದು ಅವರ ಹೆಸರಲ್ಲ, ನಾವಿಟ್ಟದ್ದು. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಹಿರಿಯರು, ನಮ್ಮೆಲ್ಲರಿಗೂ ಕೆಲಸ ಕಲಿಸಿದವರು. ಕಣಗಳಿಗೆ ಎಳೆ ಕಟ್ಟುವಾಗ ಉಪ್ಪು ನೀರನ್ನು ಒಂದೇ ಸಲ ಸುರಿದರೆ ಚಿನ್ನವೆಲ್ಲ ಕರಿ ಕೆಸರಾಗಿ ತಳಕ್ಕೆ ಕೂರುತ್ತದೆ. ‘ಕೂಸಿಗೆ ತುತ್ತು ಹಾಕಿದ ಹಾಗೆ ಹಾಕ್ಬೇಕಮ್ಮ’ ಎನ್ನುತ್ತಾ ಅವರು ಒಂದೂವರೆ ದಿನ ಹನಿಹನಿಯಾಗಿ ಹಾಕುತ್ತಾರೆ. ತೂಗುವಾಗ ಉಸಿರನ್ನೂ ಬಿಗಿಹಿಡಿದಿರುತ್ತಾರೆ. ಅವರ ಉಪ್ಪಿನ ಮೇಲೆ ಅನುಮಾನ ಬಂದದ್ದೇ ತಡ, ಮನುಷ್ಯ ಇಳಿದುಹೋದರು. ಒಂದೊಂದು ತೂಕವನ್ನೂ ಮೂರು ಮೂರು ಸಲ ನೋಡುವುದು, ನಮ್ಮ ಜೊತೆ ಊಟಕ್ಕೆ ಕೂರದೆ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂರುವುದು. ‘ಮೂವತ್ತೊಂದು ವರ್ಷ ಇದೇ ತಕ್ಕಡಿ ಮುಂದೆ ಕಳೆದಿದೀನಮ್ಮ, ನನ್ನ ಕೈ ನನಗೆ ಗೊತ್ತಿಲ್ವಾ?’ ಎಂದು ನನ್ನನ್ನು ಕೇಳಿದರು. ನನಗೆ ಅವರ ಉಪ್ಪಿನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ತಪ್ಪು ಅವರದೇ ಆಗಿರಲಿ ಎಂದು ಮನಸ್ಸಿನೊಳಗೇ ಬೇಡಿಕೊಳ್ಳುತ್ತಿದ್ದೆ. ಎಂಥ ಹಾಳು ಮನಸ್ಸು ನೋಡು.

ಹೋದ ಶುಕ್ರವಾರ ಮೇಡಂ ಸೋತು ಕೈಚೆಲ್ಲಿದರು. ಈ ವಿಧಾನ ನಿರೋಗಿಗಳನ್ನು ಗುರುತಿಸಲಾರದು ಎಂದು ವರದಿ ಬರೆದು ತಿಂಗಳ ಕೊನೆಗೆ ಮುಚ್ಚಿಬಿಡೋಣ ಅಂದರು. ಎಲ್ಲರ ಮುಖವೂ ಜೋತುಬಿತ್ತು. ನನಗೆ ಮಾತ್ರ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಸೋಮವಾರ ನಿನ್ನ ಕಾಗದ ಓದಿದಾಗಲೂ, ‘ನಮ್ಮ ಪರೀಕ್ಷೆನೇ ಸರಿಯಿಲ್ಲ ಕಣೇ, ಮುಚ್ತಾ ಇದೀವಿ’ ಎಂದು ಉತ್ತರ ಬರೆಯಬಹುದಲ್ಲ, ಅದು ಸುಳ್ಳೂ ಅಲ್ಲವಲ್ಲ ಎಂದು ಖುಷಿಪಟ್ಟಿದ್ದೆ. ಹಾಗೇ ಬರೆಯಲು ಕಾಗದವನ್ನೂ ತೆಗೆದಿಟ್ಟಿದ್ದೆ. ಈಗ ಬರೆಯುತ್ತಿರುವುದು ಅದೇ ಕಾಗದದ ಮೇಲೆ.

ಮಂಗಳವಾರ ಬೆಳಿಗ್ಗೆ ಉಪ್ಪಣ್ಣ ನೆಟ್ಟಗೆ ನನ್ನ ಮೇಜಿನ ಬಳಿ ಬಂದು, ಅಂಗಿಯ ತೋಳು ಮಡಚಿ, ಕೈ ಚಾಚಿದರು. ‘ಎಲ್ಲಾ ಬದಲಾಯಿಸಿದ್ರಿ, ನಿರೋಗಿಯನ್ನ ಬದಲಾಯಿಸಿದ್ರಾ? ನನ್ನ ರಕ್ತ ಹಾಕಿ ನೋಡಮ್ಮ. ನನ್ನ ಉಪ್ಪು, ನನ್ನ ರಕ್ತ. ಆಮೇಲೆ ಮಾತಾಡೋಣ.’ ನಾಲ್ಕು ತಿಂಗಳಲ್ಲಿ ಯಾರಿಗೂ ಹೊಳೆಯದ ಮಾತು. ಅಲ್ಲ, ನನಗೆ ಹೊಳೆದಿತ್ತು, ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಬೇಡ ಅನ್ನಲು ಯಾವ ನೆಪ ಹೇಳಲಿ? ಮೊದಲ ಚುಚ್ಚಿಗೆ ನರ ಸಿಗದೆ ಮತ್ತೊಮ್ಮೆ ಚುಚ್ಚಿದೆ, ‘ಮೊದಲ ಸಲ ಮಾಡೋರ ಹಾಗೆ ಯಾಕಮ್ಮ ಹೆದರ್ತೀಯ’ ಎಂದು ಅವರೇ ಸಮಾಧಾನ ಹೇಳಿದರು. ನಿನ್ನೆ ಹನ್ನೊಂದು ಗಂಟೆಗೆ ಮೂರು ಕೊಳವೆಗಳನ್ನು ಸಾಲಾಗಿ ಬಿಸಿನೀರಿಗೆ ಇಳಿಸಿದೆ. ಅಪ್ಪನದು, ಹಳೆಯ ನಿರೋಗಿಯದು, ಉಪ್ಪಣ್ಣನವರದು. ಎಲ್ಲರೂ ಸುತ್ತ ನಿಂತಿದ್ದರು. ಐವತ್ತೈದರವರೆಗೆ ಮೂರೂ ನೀಲಿ. ಐವತ್ತೇಳಕ್ಕೆ ಉಪ್ಪಣ್ಣನವರದು ನೇರಳೆಯಾಯಿತು, ಐವತ್ತೆಂಟಕ್ಕೆ ಒಮ್ಮೆಲೇ ಕೆಂಪು. ಎಷ್ಟು ಚೆಂದದ ಕೆಂಪು ಅಂತೀಯ! ಉಳಿದೆರಡು ಇದ್ದ ಹಾಗೇ ಇದ್ದವು.

ಎಲ್ಲರೂ ಹೋ ಎಂದು ಕೂಗಿಕೊಂಡರು. ಉಪ್ಪಣ್ಣ ಮಡಚಿದ ತೋಳಿನಲ್ಲೇ ಕಣ್ಣೊರೆಸಿಕೊಂಡರು. ಮೇಡಂ ಎಲ್ಲರೆದುರಿಗೆ ಅವರ ಕೈ ಹಿಡಿದು, ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ’ ಅಂದರು. ಯಾರೋ ಟೀ ತಂದರು, ನನ್ನ ಕೈಗೂ ಒಂದು ಲೋಟ ಬಂತು. ಪರೀಕ್ಷೆ ಸರಿಯಾಗಿಯೇ ಇತ್ತು, ನಾಲ್ಕು ತಿಂಗಳೂ ಸರಿಯಾಗಿಯೇ ಹೇಳುತ್ತಿತ್ತು. ಅಷ್ಟರಲ್ಲಿ ಮೇಡಂಗೆ ಹೊಳೆಯಿತು. ‘ಹಾಗಾದ್ರೆ ಆ ಹಳೇ ಕೊಳವೆ ಯಾರದಮ್ಮ?’ ಎಂದು ನನ್ನನ್ನು ಕೇಳಿದರು. ‘ಗೊತ್ತಿಲ್ಲ ಮೇಡಂ, ಚೀಟಿ ಮೇಲೆ ಹೆಸರಿಲ್ಲ’ ಅಂದೆ. ಅವರ ಮುಖ ಸಣ್ಣದಾಯಿತು. ‘ಯಾರೋ ಪಾಪ. ಅವರಿಗೆ ಗೊತ್ತೂ ಇರಲ್ಲ’ ಅಂದರು. ಎಲ್ಲರೂ ಮತ್ತೆ ಟೀ ಕುಡಿದರು. ನಾನೂ ಕುಡಿದೆ.

ಅದು ನನ್ನದು ಕಣೇ. ಮೊದಲ ದಿನ ‘ನಿರೋಗಿ ಯಾರು?’ ಎಂದು ಕೇಳಿದಾಗ ತೋಳು ಚಾಚಿದವಳು ನಾನು. ಹತ್ತಿರ ನಿಂತಿದ್ದೆ, ಅದಕ್ಕೇ ಕೊಟ್ಟೆ ಎಂದು ಇಲ್ಲಿಯವರೆಗೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿನ್ನ ಹತ್ತಿರ ಸುಳ್ಳೇಕೆ? ತರಬೇತಿಗೆಂದು ಬಂದು ಹೋದ ಇನ್ನಿಬ್ಬರು ಅವತ್ತು ನನಗಿಂತ ಹತ್ತಿರ ನಿಂತಿದ್ದರು, ಅವರನ್ನು ಸರಿಸಿಕೊಂಡು ಮುಂದೆ ಹೋದೆ. ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೆ. ಇದು ಪರೀಕ್ಷೆ ಅಲ್ಲವಲ್ಲ, ಬರೀ ಸಾಕ್ಷಿಯ ಕೊಳವೆ, ಅದು ಕೆಂಪಾಗಲೇಬೇಕಾದದ್ದು. ಅದು ಕೆಂಪಾಗುವುದನ್ನು ಒಂದು ಸಲ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ. ನೋಡಿ, ಸುಮ್ಮನೆ ಮನೆಗೆ ಹೋಗಿ, ಹಾಯಾಗಿ ನಿದ್ದೆ ಮಾಡಬೇಕು, ನಿನಗೂ ಎಂದೋ ಒಂದು ದಿನ ನಗುನಗುತ್ತಾ ಹೇಳಬೇಕು. ಇಷ್ಟೇ ನನ್ನ ಲೆಕ್ಕಾಚಾರ. ‘ನಿರೋಗಿ’ ಎಂದ ಮಾತ್ರಕ್ಕೆ ರಕ್ತ ಕೇಳುತ್ತದೆಯೇ? ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ.

ನಿನ್ನೆ ಎಲ್ಲರೂ ಊಟಕ್ಕೆ ಹೋದ ಮೇಲೆ ಮತ್ತೊಮ್ಮೆ ರಕ್ತ ತೆಗೆದುಕೊಂಡೆ. ಮೊದಲು ಕೊಟ್ಟದ್ದು ಎಡಗೈಯಿಂದ, ಈ ಸಲ ಬಲಗೈಯಿಂದ ತೆಗೆದೆ. ನಗಬೇಡ. ಹದಿಮೂರು ವರ್ಷ ಇದೇ ಕೆಲಸ ಮಾಡಿದವಳು, ಬಲಗೈಯಲ್ಲಿ ಬೇರೆ ಅಪ್ಪನ ರಕ್ತ ಹರಿಯುತ್ತದೆಂದು ನಂಬಿದವಳ ಹಾಗೆ ತೆಗೆದೆ. ಇವತ್ತು ಬೆಳಿಗ್ಗೆ ಅದನ್ನೂ ನೋಡಿದೆ. ನೀಲಿ. ಇದಿನ್ನೂ ಪ್ರಯೋಗದ ಪರೀಕ್ಷೆ, ಆಸ್ಪತ್ರೆಯ ದೊಡ್ಡ ಯಂತ್ರದಲ್ಲಿ ನೋಡಿಸದೆ ಗಟ್ಟಿಯಾಗಿ ಹೇಳಬಾರದು ಎಂದು ಬೇರೆಯವರಿಗಾದರೆ ನಾನೇ ಬುದ್ಧಿ ಹೇಳುತ್ತಿದ್ದೆ. ನೋಡಿಸುತ್ತೇನೆ. ಆದರೆ ಮೂವತ್ತೆಂಟು ಸಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದೇನೆ, ನನಗೆ ನಾನು ಇನ್ನೇನು ಸಮಾಧಾನ ಹೇಳಿಕೊಳ್ಳಲಿ? ಬೆಳಗಿನಿಂದ ಏನೂ ಮಾಡಲು ಕೈ ಹರಿಯುತ್ತಿಲ್ಲ. ತೊಳೆದ ಗಾಜನ್ನೇ ತೊಳೆಯುತ್ತಿದ್ದೇನೆ. ತೊಳೆದದ್ದು ಮರೆತೆನೋ ಎಂದು ಎದೆ ಧಸಕ್ಕೆನ್ನುತ್ತದೆ. ನಮಗೆ ಈಗ ಮೂವತ್ಮೂರು. ಇನ್ನು ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವಾಗಲೆಲ್ಲ ಹೀಗೇ ಆಗುತ್ತದೆ. ಇದೇ ನನ್ನ ಆರೋಗ್ಯ. ಕೊನೆಗೆ ಬರೆಯುತ್ತೇನೆ ಅಂದಿದ್ದೆನಲ್ಲ, ಬರೆದೆ.

ಮಾತು ಮುರಿದೆ, ಕ್ಷಮಿಸು. ಯಾರಿಗಾದರೂ ಹೇಳಿಕೊಂಡು ಅಳೋಣವೆಂದರೆ ನೀನಲ್ಲದೆ ಯಾರಿದ್ದಾರೆ? ನಿನಗೆ ಹೇಳಬೇಕೋ ಬೇಡವೋ ಎಂದು ನಿನ್ನನ್ನೇ ಕೇಳೋಣವೆಂದರೆ, ಕೇಳಿದರೇ ಹೇಳಿದ ಹಾಗೆ. ಯಾವ ದಿಕ್ಕಿಗೆ ತಿರುಗಿದರೂ ಗೋಡೆ. ಅಮ್ಮನ ಮುಂದೆ ನಿಲ್ಲುವ ಧೈರ್ಯವಿಲ್ಲ. ‘ನನಗಿದ್ರೆ ಮಗುವಿಗೂ ಇರುತ್ತಾ?’ ಎಂದು ಕೇಳಿದ್ದೀಯ. ತಾಯಿಗೆ ಇದ್ದರೆ ಮಗುವಿಗೆ ಅರ್ಧಕ್ಕರ್ಧ, ಅಪ್ಪನಿಂದ ನಮಗೆ ಇದ್ದ ಹಾಗೆ. ಹುಟ್ಟುವ ಮೊದಲೇ ನೋಡಬಹುದು, ನೋಡದೆಯೂ ಇರಬಹುದು. ಯಾವುದು ಸರಿ ಎಂದು ನನ್ನನ್ನು ಕೇಳಬೇಡ, ನನಗೆ ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ. ಅಪ್ಪ ಎರಡು ತೋಳೂ ಎಡದ್ದೇ ಹೊಲಿಯುವವರೆಗೆ ನಲವತ್ತನಾಲ್ಕು ವರ್ಷ ಚೆನ್ನಾಗಿಯೇ ಬದುಕಿದ, ನಮ್ಮಿಬ್ಬರನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ. ಇದನ್ನು ಸಮಾಧಾನಕ್ಕೆ ಬರೆಯುತ್ತಿದ್ದೇನೋ, ಸುಮ್ಮನೆ ನೆನಪಾಗಿ ಬರೆಯುತ್ತಿದ್ದೇನೋ ತಿಳಿಯದು.

ಭಾನುವಾರ ಬೆಳಗಿನ ಗಾಡಿಗೆ ಬರುತ್ತೇನೆ. ಎದುರಿಗೆ ಬಂದು ನಿಂತರೆ ನನಗೆ ನಾಲಗೆ ಹೊರಳುವುದಿಲ್ಲ, ಅದಕ್ಕೇ ಕಾಗದವನ್ನು ಮುಂದೆ ಕಳಿಸುತ್ತಿದ್ದೇನೆ, ಶನಿವಾರ ನಿನ್ನ ಕೈ ಸೇರುತ್ತದೆ. ಓದುವಾಗ ನಿನ್ನ ಗಂಡ ಪಕ್ಕದಲ್ಲಿರಲಿ, ಅವನಿಗೆ ನನ್ನ ನೆನಪು ತಿಳಿಸು. ಹೊಟ್ಟೆಯೊಳಗಿರುವ ಪುಟಾಣಿಗೆ ದೊಡ್ಡಮ್ಮನ ನೂರು ಮುತ್ತು. ನೀನೂ ಅದೂ ಸುಖವಾಗಿರಿ, ನನ್ನ ಆಯಸ್ಸಿನಲ್ಲಿ ಎಷ್ಟು ಒಳ್ಳೆಯ ದಿನಗಳು ಉಳಿದಿವೆಯೋ ಅಷ್ಟೂ ನಿಮಗಿರಲಿ.

ನಿನ್ನ ಹನ್ನೊಂದು ನಿಮಿಷದ
ಅಕ್ಕ

ತಾ.ಕ.: ಟಪಾಲು ನಾಲ್ಕಕ್ಕೆ ಹೋಗುತ್ತದೆ, ಉಪ್ಪಣ್ಣ ಪೆಟ್ಟಿಗೆಗೆ ಹಾಕಿ ಬರುತ್ತೇನೆಂದು ಬಾಗಿಲು ತಟ್ಟುತ್ತಿದ್ದಾರೆ. ಮೇಲೆಲ್ಲ ನನ್ನದು, ನನ್ನದು ಎಂದೇ ಬರೆದು ಮುಗಿಸಿಬಿಟ್ಟೆ, ಮುಂದಿನ ಮಾತಿಗೆ ಕೈ ಬರಲಿಲ್ಲ. ಸೋಮವಾರ ಡಾಕ್ಟರ ಹತ್ತಿರ ಹೋಗಬೇಡ. ರಕ್ತ ಕಳಿಸಬೇಡ. ನಾಲ್ಕು ತಿಂಗಳಿಂದ ನಾನು ನೋಡುತ್ತಿರುವುದು ನಿನ್ನದನ್ನೂ ಕಣೇ.